ಮುಟ್ಟಿನ ನೋವಿಗೆ ಶಾಖ ಕೊಡುವುದು ಹೇಗೆ, ಅದರಿಂದ ರಕ್ತ ಜಾಸ್ತಿ ಹೋಗುತ್ತದಾ?

ಮುಟ್ಟಿನ ಮೊದಲ ದಿನ ಕಿಬ್ಬೊಟ್ಟೆ ಹಿಂಡಿದಂತೆ ನೋಯುವಾಗ ಬಿಸಿನೀರಿನ ಚೀಲ ಕೈಗೆತ್ತಿಕೊಂಡರೆ, "ಬೇಡ, ರಕ್ತ ಜಾಸ್ತಿ ಹೋಗುತ್ತೆ" ಎಂದು ಯಾರೋ ತಡೆಯುತ್ತಾರೆ. ಆ ಹೆದರಿಕೆಗೆ ಎಷ್ಟೋ ಜನ ಹಲ್ಲು ಕಚ್ಚಿಕೊಂಡು ನೋವು ತಿನ್ನುತ್ತಾರೆ. ಅದಕ್ಕೇ ಮೊದಲು ಆ ಮಾತನ್ನೇ ಬಿಡಿಸೋಣ.

ಮುಟ್ಟಿನಲ್ಲಿ ಹೊರಹೋಗುವುದು ಗರ್ಭಕೋಶದ ಒಳಪದರ ಮತ್ತು ಅದರ ಜೊತೆಗಿನ ರಕ್ತ. ಆ ಪದರ ಎಷ್ಟು ದಪ್ಪ ಬೆಳೆಯಬೇಕು ಎನ್ನುವುದನ್ನು ಹಾರ್ಮೋನುಗಳು ಮುಟ್ಟಿಗೆ ಮೊದಲೇ ತೀರ್ಮಾನಿಸಿರುತ್ತವೆ, ಹೊಟ್ಟೆಯ ಮೇಲಿಟ್ಟ ಕಾವು ಅದನ್ನು ಬದಲಿಸುವುದಿಲ್ಲ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. ಶಾಖ ಕೊಟ್ಟು ಎದ್ದ ತಕ್ಷಣ ಒಮ್ಮೆಲೇ ಬಂದುಬಿಡುತ್ತದೆ ಅಲ್ವಾ? ಮಲಗಿದ್ದಾಗ ಒಳಗೆ ನಿಂತಿದ್ದ ರಕ್ತ ಎದ್ದಾಗ ಕೆಳಗಿಳಿಯುತ್ತದೆ, ಅಷ್ಟೇ. ಚೀಲ ಇಲ್ಲದೆ ಸುಮ್ನೆ ಮಲಗಿ ಎದ್ದರೂ ಹೀಗೇ ಆಗುತ್ತದೆ.

ಇನ್ನು ನೋವು. ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡುತ್ತದೆ, ಆ ಹಿಂಡುವಿಕೆಗೆ ಸ್ನಾಯುವಿಗೇ ರಕ್ತ ಸರಿಯಾಗಿ ಸಿಗದೆ ನೋವು ಏಳುತ್ತದೆ. ಕಾವು ಆ ಬಿಗಿಯನ್ನು ಸಡಿಲಿಸುತ್ತದೆ. 2001ರ ಒಂದು ಅಧ್ಯಯನದಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್ ಕಾವಿನ ಪಟ್ಟಿಯನ್ನು ಹೊಟ್ಟೆಗೆ ಹಾಕಿದಾಗ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯಷ್ಟೇ ಆರಾಮ ಸಿಕ್ಕಿತ್ತು, ಎರಡೂ ಸೇರಿದಾಗ ನೋವು ಇನ್ನೂ ಬೇಗ ಇಳಿದಿತ್ತು. 39 ಡಿಗ್ರಿ ಅಂದರೆ ಮೈಕಾವಿಗಿಂತ ಸ್ವಲ್ಪವೇ ಜಾಸ್ತಿ. ಚರ್ಮ ಕೆಂಪಾಗುವಷ್ಟು ಸುಡಬೇಕಾಗಿಲ್ಲ!

ಚೀಲಕ್ಕೆ ಕುದಿಯುವ ನೀರು ಹಾಕಬೇಡಿ, ಕುದಿಸಿದ್ದರೆ ಸ್ವಲ್ಪ ಆರಲು ಬಿಡಿ. ಮೂರರಲ್ಲಿ ಎರಡು ಭಾಗ ತುಂಬಿಸಿ, ಮೆಲ್ಲಗೆ ಒತ್ತಿ ಗಾಳಿ ಹೊರಗೆ ಬಿಟ್ಟು ಮುಚ್ಚಳ ಬಿಗಿಮಾಡಿ, ತಲೆಕೆಳಗೆ ಹಿಡಿದು ಸೋರುತ್ತದೆಯೇ ನೋಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆದುಬಿಡಿ. ಟವೆಲ್ ಸುತ್ತಿ ಹೊಕ್ಕುಳ ಕೆಳಗೆ 15ರಿಂದ 20 ನಿಮಿಷ ಇಡಿ, ಸೊಂಟವೂ ನೋಯುತ್ತಿದ್ದರೆ ಆಮೇಲೆ ಅಲ್ಲಿಗೂ ಇಡಿ. ಚೀಲದ ಮೇಲೆ ಭಾರ ಹಾಕಿ ಮಲಗಬೇಡಿ. ಚರ್ಮಕ್ಕೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಇಡಬಹುದು, ದಿನಕ್ಕೆ ಎಷ್ಟು ಸಲ ಬೇಕಾದರೂ. ನೋವು ಜೋರಾಗುವವರೆಗೆ ಕಾಯದೆ ಶುರುವಾಗುತ್ತಿದ್ದಂತೆ ಇಟ್ಟುಕೊಳ್ಳಿ. ಚೀಲ ಇಲ್ಲದಿದ್ದರೆ ಬೆಚ್ಚಗಿನ ನೀರಿನ ಸ್ನಾನವೂ ಆಗುತ್ತದೆ.

ಕರೆಂಟಿನ ಹೀಟಿಂಗ್ ಪ್ಯಾಡ್ ಇಟ್ಟುಕೊಂಡು ನಿದ್ದೆಹೋಗಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ನಿದ್ದೆಯಲ್ಲಿ ಚರ್ಮ ಸುಟ್ಟರೂ ತಕ್ಷಣ ಗೊತ್ತಾಗದೇ ಹೋಗಬಹುದು. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಬೇಡ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಡಿಮೆಯಾದವರು ವೈದ್ಯರನ್ನು ಕೇಳಿಯೇ ಬಳಸಲಿ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಬಿಸಿ ತಗುಲಿದರೆ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡಬಹುದು, ಅದು ಕಂಡರೆ ನಿಲ್ಲಿಸಿ.

ರಕ್ತಸ್ರಾವ ನಿಜಕ್ಕೂ ಜಾಸ್ತಿಯಾಗಿದ್ದರೆ ಚೀಲವನ್ನು ದೂರಿ ಸುಮ್ಮನಾಗಬೇಡಿ, ಕಾರಣ ಬೇರೆ ಇರುತ್ತದೆ. ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್ ತೊಂದರೆ, ಗರ್ಭ ತಡೆಯಲು ಗರ್ಭಕೋಶದೊಳಗೆ ಹಾಕಿಸಿಕೊಳ್ಳುವ ಕಾಪರ್-ಟಿ, ಹೀಗೆ. ಗಂಟೆಗೊಂದು ಪ್ಯಾಡ್ ತೊಯ್ದು ಹೋಗುವುದು ಎರಡು ಗಂಟೆಗೂ ನಿಲ್ಲದಿದ್ದರೆ, ರಕ್ತದ ಗಟ್ಟಿ ತುಂಡುಗಳು ಎರಡೂವರೆ ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಏಳು ದಿನಕ್ಕಿಂತ ಜಾಸ್ತಿ ಹೋದರೆ, ಅಥವಾ ನೋವು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದರೆ ವೈದ್ಯರಿಗೆ ತೋರಿಸಿ. ಮುಟ್ಟು ತಪ್ಪಿದ ಮೇಲೆ ರಕ್ತ ಕಾಣಿಸಿಕೊಂಡು ಹೊಟ್ಟೆಯ ಒಂದೇ ಪಕ್ಕ ಜೋರಾಗಿ ನೋಯುತ್ತಿದ್ದರೆ ಶಾಖ ಕೊಡುತ್ತಾ ಕೂರಬೇಡಿ, ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.