ಶಾಫ್ಟ್ ಬಿಚ್ಚದೆ ಲಾರಿ ಎಳೆಸಬೇಡಿ

ಚಿತ್ರದುರ್ಗದಲ್ಲಿ ನನ್ನದೊಂದು ಆರು ಚಕ್ರದ ಲಾರಿ ಇದೆ. ಮಾಲೀಕನೂ ನಾನೇ, ಡ್ರೈವರೂ ನಾನೇ. ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್ ಕಡೆ ಹೋಗುತ್ತೇನೆ. ಅಲ್ಲಿ ಕೋಳಿ ಫಾರಂ ಜಾಸ್ತಿ, ಜೋಳ ಎಷ್ಟಿದ್ದರೂ ಬೇಕು. ಈರುಳ್ಳಿ ಕಾಲದಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯಿಂದ ಬೆಂಗಳೂರಿಗೆ ಲೋಡು ಸಿಗುತ್ತದೆ. ಗಾಡಿ ಹಳೇದು, ಹೊಗೆಯ ಬಿಎಸ್-4 ನಿಯಮ ಬರುವುದಕ್ಕೂ ಮುಂಚಿನದು. ಎಚ್ಚರಿಸುವ ದೀಪಗಳು ಕಮ್ಮಿ. ಹಾಗಾಗಿ ನೋಡುವುದು, ಮುಟ್ಟುವುದು, ಬರೆದಿಡುವುದು ಎಲ್ಲ ನನ್ನ ಮೇಲೇ. ಬರೆದಿಡಲು ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಕೆಟ್ಟ ಗಾಡಿ ಎಳೆಸುವ ವಿಷಯ. ನಾನು ಕಂಡ ಹಾಗೆ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

ಹೋದ ಬೇಸಿಗೆಯಲ್ಲಿ ಭರಮಸಾಗರದ ಹತ್ತಿರ ಒಂದು ಹತ್ತು ಚಕ್ರದ ಗಾಡಿ ನಿಂತಿತ್ತು. ಇಂಜಿನ್ ಸ್ಟಾರ್ಟ್ ಆಗುತ್ತಿಲ್ಲ. ಡ್ರೈವರ್ ಚಿಕ್ಕ ಹುಡುಗ. ದಾವಣಗೆರೆವರೆಗೆ ಎಳೆದುಕೊಂಡು ಹೋಗಲು ಇನ್ನೊಂದು ಲಾರಿಯವರನ್ನು ಒಪ್ಪಿಸಿ, ಬಂಪರಿಗೆ ಚೈನು ಸುತ್ತುತ್ತಿದ್ದ.

"ಶಾಫ್ಟ್ ಬಿಚ್ಚಿದ್ದೀಯೇನಪ್ಪಾ?" ಅಂದೆ. ಶಾಫ್ಟ್ ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್.

"ನ್ಯೂಟ್ರಲ್ ಹಾಕೀನಲ್ಲಣ್ಣ, ಇನ್ನೇನು?"

ಈ ಮಾತು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸಿಗೆ ಏನೂ ಆಗಲ್ಲ ಅಂತ ಎಲ್ಲರ ನಂಬಿಕೆ. ಒಳಗೆ ಆಗುವುದೇ ಬೇರೆ. ಇಂಜಿನ್ ಓಡುತ್ತಿದ್ದರೆ ಗೇರ್‌ಬಾಕ್ಸಿನ ಕೆಳಗಿರುವ ಕೌಂಟರ್ ಶಾಫ್ಟ್ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ, ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಇಂಜಿನ್ ನಿಂತರೆ ಅದೂ ನಿಂತಿತು. ಆದರೆ ಗಾಡಿ ಎಳೆದಾಗ ಹಿಂದಿನ ಚಕ್ರ ತಿರುಗುತ್ತದಲ್ವಾ? ಅದು ಹೌಸಿಂಗ್ (ಹಿಂದಿನ ಆಕ್ಸಲಿನ ನಡುವಿನ ಗುಂಡು) ಒಳಗಿನ ಗೇರುಗಳನ್ನು, ಅವು ಪ್ರೊಪೆಲ್ಲರ್ ಶಾಫ್ಟನ್ನು, ಅದು ಗೇರ್‌ಬಾಕ್ಸಿನ ಮೇನ್ ಶಾಫ್ಟನ್ನು ತಿರುಗಿಸುತ್ತದೆ. ಮೇಲಿನ ಬೇರಿಂಗುಗಳು ಎಣ್ಣೆಯಿಲ್ಲದೆ ಒಣ ಒಣ ತಿರುಗುತ್ತವೆ. ಸ್ವಲ್ಪ ದೂರ ಏನೂ ಗೊತ್ತಾಗುವುದಿಲ್ಲ. ದೂರ ಹೋದರೆ ಬೇರಿಂಗ್ ಸುಟ್ಟು ಗೇರ್‌ಬಾಕ್ಸ್ ಹಿಡಿದುಕೊಳ್ಳುತ್ತದೆ. ಇಂಜಿನ್ ರಿಪೇರಿಗೆ ಹೊರಟ ಗಾಡಿ ಗೇರ್‌ಬಾಕ್ಸ್ ರಿಪೇರಿಯನ್ನೂ ಕಟ್ಟಿಕೊಂಡು ಬರುತ್ತದೆ.

ಹಾಗಾಗಿ ಹಿಂದಿನ ಚಕ್ರ ನೆಲದ ಮೇಲಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನು ಹೌಸಿಂಗ್ ಕಡೆ ಬಿಚ್ಚಲೇಬೇಕು. ಕ್ರೇನಿನವರು ಮುಂದಿನ ಭಾಗ ಎತ್ತಿಕೊಂಡು ಹೋದರೂ ಅಷ್ಟೇ, ಹಿಂದಿನ ಚಕ್ರ ಓಡುತ್ತಲೇ ಇರುತ್ತದೆ. ಬಿಚ್ಚುವ ಮೊದಲು ಚಕ್ರ ಉರುಳದ ಹಾಗೆ ಕಲ್ಲಿನ ಕಟ್ಟೆ ಕೊಡಿ. ಶಾಫ್ಟಿನದೂ ಹೌಸಿಂಗಿನದೂ ಫ್ಲ್ಯಾಂಜ್ (ಬೋಲ್ಟ್ ಹಾಕುವ ತಟ್ಟೆ) ಸೇರುವ ಜಾಗದಲ್ಲಿ ಸುಣ್ಣವೋ ಬಣ್ಣವೋ ತೆಗೆದುಕೊಂಡು ಒಂದು ಗೆರೆ ಎಳೆಯಿರಿ. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿದರೆ ಗಾಡಿ ಅದುರುವುದಿಲ್ಲ. ಬೋಲ್ಟು ನಟ್ಟುಗಳನ್ನು ಒಂದು ಚೀಲಕ್ಕೆ ಹಾಕಿ ಸೀಟಿನ ಕೆಳಗಿಡಿ. ಶಾಫ್ಟಿನ ತುದಿಯನ್ನು ಚಾಸಿಗೆ ಗಟ್ಟಿಯಾಗಿ ಕಟ್ಟಿ, ಇಲ್ಲ ಪೂರ್ತಿ ತೆಗೆದು ಲಾರಿಯ ಬಾಡಿಯೊಳಗೆ ಹಾಕಿ. ಜೋತು ಬಿದ್ದ ಶಾಫ್ಟ್ ರಸ್ತೆಗೆ ನೆಟ್ಟುಕೊಂಡರೆ ಗಾಡಿಯೇ ಎದ್ದು ಬೀಳುತ್ತದೆ.

ಇನ್ನು ಬ್ರೇಕು. ಏರ್ ಬ್ರೇಕ್ ಗಾಡಿಯಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಗಾಳಿ. ಗಾಳಿ ಸೋರಿ ಪ್ರೆಶರ್ ಇಳಿದರೆ ಸ್ಪ್ರಿಂಗ್ ತಾನಾಗಿ ಹಿಡಿದುಕೊಳ್ಳುತ್ತದೆ. ಇಂಜಿನ್ ಸತ್ತ ಗಾಡಿಯಲ್ಲಿ ಕಂಪ್ರೆಸರ್ ಓಡುವುದಿಲ್ಲ, ಗಾಳಿ ತುಂಬುವುದಿಲ್ಲ. ಆಗ ಚೈನು ಕಟ್ಟಿ ಎಳೆದರೆ ಹಿಂದಿನ ಚಕ್ರ ತಿರುಗದೆ ಉಜ್ಜಿಕೊಂಡೇ ಬರುತ್ತದೆ, ಟೈರು ಒಂದೇ ಕಡೆ ಸವೆದು ಕ್ಯಾನ್ವಾಸ್ ಕಾಣುತ್ತದೆ. ಒಳ್ಳೆಯ ದಾರಿ ಅಂದರೆ ಎಳೆಯುವ ಗಾಡಿಯಿಂದ ಒಂದು ಪೈಪು ಹಾಕಿ ಕೆಟ್ಟ ಗಾಡಿಯ ಟ್ಯಾಂಕಿಗೆ ಗಾಳಿ ಕೊಡುವುದು. ಪಾರ್ಕಿಂಗ್ ಬ್ರೇಕೂ ಬಿಡುತ್ತದೆ, ಕಾಲಿನ ಬ್ರೇಕೂ ಕೆಲಸ ಮಾಡುತ್ತದೆ. ನನ್ನ ಗಾಡಿಯಲ್ಲಿ ಇದಕ್ಕೆಂದೇ ಉದ್ದ ಪೈಪು, ಎರಡು ಕಡೆ ಕಪ್ಲಿಂಗ್ ಇಟ್ಟುಕೊಂಡಿದ್ದೇನೆ.

ಪೈಪು ಇಲ್ಲದಿದ್ದರೆ ಹಿಂದಿನ ಬ್ರೇಕ್ ಚೇಂಬರಿನ (ಆ ಸ್ಪ್ರಿಂಗ್ ಇರುವ ಡಬ್ಬಿಯ) ತುದಿಯಲ್ಲಿ ಒಂದು ರಿಲೀಸ್ ಬೋಲ್ಟ್ ಇರುತ್ತದೆ. ಸ್ಪಾನರ್ ಹಾಕಿ ಅದನ್ನು ಹೊರಕ್ಕೆ ತಿರುಗಿಸುತ್ತಾ ಬಂದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ಬ್ರೇಕ್ ಬಿಡುತ್ತದೆ. ಕೈ ನೋಯುವಷ್ಟು ತಿರುಗಿಸಬೇಕು. ಎರಡೂ ಕಡೆ ಮಾಡಬೇಕು. ಇಲ್ಲೂ ಕಟ್ಟೆ ಮೊದಲು, ಯಾಕೆಂದರೆ ಅದು ಬಿಟ್ಟ ಮೇಲೆ ಗಾಡಿಗೆ ಯಾವ ಬ್ರೇಕೂ ಇಲ್ಲ. ಚೇಂಬರಿನ ಎರಡು ಭಾಗ ಕೂಡಿಸುವ ಕ್ಲ್ಯಾಂಪನ್ನು ಮಾತ್ರ ಯಾರೂ ಮುಟ್ಟಬೇಡಿ. ಒಳಗಿನ ಸ್ಪ್ರಿಂಗ್ ಹಾರಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ಗ್ಯಾರೇಜಿನಲ್ಲೂ ಅದಕ್ಕೆ ಬೇಕಾದ ಸಾಮಾನು ಇದ್ದವರೇ ಮುಟ್ಟಬೇಕು.

ಬ್ರೇಕ್ ಇಲ್ಲದ ಗಾಡಿಯನ್ನು ಚೈನು ಕಟ್ಟಿ ಎಳೆಯುವುದು ಅಂದರೆ ಇಳಿಜಾರಿನಲ್ಲಿ ಅದು ಬಂದು ಮುಂದಿನವನಿಗೆ ಗುದ್ದಲಿ ಅಂತ ಬಿಟ್ಟ ಹಾಗೆ. ಲೋಡ್ ಇದ್ದರಂತೂ ಕೇಳಲೇಬೇಡಿ. ಗಾಳಿ ಕೊಡಲು ಆಗದಿದ್ದರೆ ಕಬ್ಬಿಣದ ಟೋ ಬಾರ್ ಬೇಕೇ ಬೇಕು, ಇಲ್ಲ ಕ್ರೇನ್ ಕರೆಸಬೇಕು. ನಾನಂತೂ ಚೈನು ಬಳಸುವುದು ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ತರುವುದಕ್ಕೆ ಅಷ್ಟೇ. ಕಟ್ಟುವುದು ಮುಂದೆ ಚಾಸಿಗೆ ಕೊಟ್ಟಿರುವ ಪಿನ್ನಿಗೆ, ಬಂಪರಿಗಲ್ಲ. ವೈರ್ ರೋಪ್ ಆದರೆ ಮಧ್ಯಕ್ಕೆ ಒಂದು ಒದ್ದೆ ಗೋಣಿಚೀಲ ಹಾಕುತ್ತೇನೆ. ಹರಿದರೆ ಚಾವಟಿಯಂತೆ ಬೀಸುವುದು ಕಮ್ಮಿಯಾಗುತ್ತದೆ. ನೋಡಲು ನಿಂತವರನ್ನು ರೋಪಿನ ಉದ್ದಕ್ಕಿಂತ ದೂರ ಕಳಿಸಬೇಕು. ನಮ್ಮ ಕಡೆ ಗಾಡಿ ಕೆಟ್ಟರೆ ಜಾತ್ರೆ ಸೇರುತ್ತದೆ, ಹೇಳಿದರೆ ಕೇಳುವುದಿಲ್ಲ. ಆದರೂ ಹೇಳಲೇಬೇಕು.

ಗಾಡಿ ಎಳೆಯುವುದಕ್ಕೆ ಕಾನೂನೂ ಇದೆ. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಜಾಸ್ತಿ ಅಂತರ ಇರಬಾರದು, ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವನು ಸ್ಟೇರಿಂಗ್ ಹಿಡಿದಿರಬೇಕು, ಎಳೆಸಿಕೊಳ್ಳುತ್ತಿರುವ ಗಾಡಿಯ ಹಿಂದೆ ಬೋರ್ಡ್ ಇರಬೇಕು. ವೇಗ ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿದ್ದರೆ ಕಾನೂನಿನ ಮಿತಿಯೊಳಗೇ ಇರುತ್ತೀರಿ. ಇಂಜಿನ್ ಇಲ್ಲದೆ ಪವರ್ ಸ್ಟೇರಿಂಗೂ ಇಲ್ಲ ಅನ್ನುವುದು ನೆನಪಿರಲಿ. ತಿರುವಿನಲ್ಲಿ ಎರಡು ತೋಳಿನ ಶಕ್ತಿ ಸಾಲದು, ಅದಕ್ಕೇ ನಿಧಾನ.

ಆ ಹುಡುಗನಿಗೆ ಇದೆಲ್ಲ ಹೇಳಲು ಟೈಮ್ ಇರಲಿಲ್ಲ. ಮೊದಲು ಗಾಡಿಯ ಹಿಂದೆ ತ್ರಿಕೋನ ಇಡಿಸಿದೆ, ಆಮೇಲೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿಸಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಎಲ್ಲಿ ನಿಂತರೂ ಈ ನಂಬರ್ ನಡೆಯುತ್ತದೆ. ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದರೆ ಬೇಗ ಬರುತ್ತಾರೆ. ಕ್ರೇನ್ ಬರುವುದರೊಳಗೆ ನಾವಿಬ್ಬರೂ ಸೇರಿ ಶಾಫ್ಟ್ ಇಳಿಸಿದ್ದೆವು. "ಇಷ್ಟೇನಾ ಅಣ್ಣ!" ಅಂದ. ಹೌದು, ಇಷ್ಟೇ. ಒಂದು ಸ್ಪಾನರ್, ಒಂದಿಷ್ಟು ತಾಳ್ಮೆ.

ಹೋಗುವಾಗ ಅವನ ಕೈಯಲ್ಲಿ ಇನ್ನೊಂದು ಕೆಲಸ ಮಾಡಿಸಿದೆ. ಗಾಡಿಯ ಸುತ್ತ ಇಟ್ಟಿದ್ದ ಕಲ್ಲುಗಳನ್ನೆಲ್ಲ ಎತ್ತಿ ಚರಂಡಿಗೆ ಹಾಕಿಸಿದೆ. ಲಾರಿ ಕೆಟ್ಟರೆ ಕಲ್ಲು ಇಡುತ್ತಾರೆ, ಸರಿಯಾದ ಕೂಡಲೇ ಕಲ್ಲು ಬಿಟ್ಟು ಹೋಗುತ್ತಾರೆ. ರಾತ್ರಿ ಬೈಕಿನವನು ಅದಕ್ಕೆ ಬಿದ್ದು ಸಾಯುತ್ತಾನೆ. ನಮ್ಮ ಡ್ರೈವರ್ ಜನದ ಮೇಲೆ ನನಗೆ ಕೋಪ ಬರುವುದು ಈ ಒಂದು ವಿಷಯಕ್ಕೆ.

ಎಳೆಸುವ ಪರಿಸ್ಥಿತಿಯೇ ಬರದಿರಲು ಏನು ಮಾಡಬೇಕು ಅಂತ ಕೇಳಿದರೆ ಇಂಜಿನ್ ಆಯಿಲ್, ಕೂಲೆಂಟ್ ಇತ್ಯಾದಿ ಎಲ್ಲರಿಗೂ ಗೊತ್ತು. ಜನ ಬಿಟ್ಟುಬಿಡುವ ಒಂದೆರಡನ್ನು ಮಾತ್ರ ಹೇಳುತ್ತೇನೆ. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡುವುದು ದಿನದ ಕೆಲಸ. ಬರೀ ಗಾಳಿ ಬಂದರೆ ಸರಿ. ನೀರು ಬಂದರೆ ಗಾಳಿಯ ತೇವ ಹೀರುವ ಡ್ರೈಯರ್ ಮುಗಿದಿದೆ ಅಂತ ಅರ್ಥ. ನೀರಿನ ಜೊತೆ ಕಪ್ಪು ಎಣ್ಣೆ ಬಂದರೆ ಕಂಪ್ರೆಸರ್ ಎಣ್ಣೆ ಎಸೆಯುತ್ತಿದೆ, ಗ್ಯಾರೇಜಿನ ಮೇಸ್ತ್ರಿಗೆ ತೋರಿಸಬೇಕು. ಈ ಒಂದು ವಾಲ್ವ್ ಎಷ್ಟೊಂದು ಹೇಳುತ್ತದೆ ನೋಡಿ.

ಇನ್ನೊಂದು, ಹಿಂದಿನ ಜೋಡಿ ಟೈರು. ಒಳಗಿನದರಲ್ಲಿ ಗಾಳಿ ಹೋದರೆ ಹೊರಗಿನಿಂದ ಕಾಣುವುದಿಲ್ಲ, ಹೊರಗಿನದೇ ಎಲ್ಲ ಭಾರ ಹೊರುತ್ತದೆ. ಬೇಸಿಗೆಯ ಡಾಂಬರಿನ ಮೇಲೆ ಅದು ಕಾದು ಸಿಡಿಯುತ್ತದೆ. ಚಹಾಕ್ಕೆ ನಿಂತಾಗಲೆಲ್ಲ ಜಾಕಿ ರಾಡಿನಿಂದ ಎರಡನ್ನೂ ಬಡಿಯುತ್ತೇನೆ. ಗಾಳಿ ಇದ್ದದ್ದು ಟಣ್ ಅನ್ನುತ್ತದೆ, ಇಲ್ಲದ್ದು ದಪ್ ಅನ್ನುತ್ತದೆ. ಎರಡರ ನಡುವೆ ಸಿಕ್ಕಿದ ಕಲ್ಲನ್ನೂ ಆಗಲೇ ತೆಗೆಯುತ್ತೇನೆ. ಹಾಗೇ ಚಕ್ರದ ನಡುವಿನ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡುತ್ತೇನೆ. ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು. ನಾಲ್ಕರಲ್ಲಿ ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬೇರಿಂಗೋ ಬ್ರೇಕೋ ಹಿಡಿಯುತ್ತಿದೆ. ಭೀಮಸಮುದ್ರದ ಕಡೆ ಅದಿರಿನ ಧೂಳಿನಲ್ಲಿ ಓಡಿದರೆ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿಮಾಡುವುದು ಇದ್ದೇ ಇದೆ.

ಇದೆಲ್ಲ ಯಾವಾಗ ಮಾಡಿದೆ ಅಂತ ನೆನಪಿಟ್ಟುಕೊಳ್ಳಲು ಆಗುವುದಿಲ್ಲ. ಮೊದಲು ಪಾಕೆಟ್ ಡೈರಿ ಇತ್ತು. ಗ್ರೀಸು, ಬೆವರು, ಮಳೆ ಸೇರಿ ಅಕ್ಷರ ಅಳಿಸಿಹೋಗುತ್ತಿತ್ತು. ಎಂಟು ವರ್ಷ ದಾಟಿದ ಗಾಡಿಗೆ ಫಿಟ್ನೆಸ್ ಸರ್ಟಿಫಿಕೇಟ್ ಅಂದರೆ ಎಫ್‌ಸಿ ವರ್ಷಕ್ಕೊಮ್ಮೆ, ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಎಮಿಷನ್ ಎಲ್ಲದರ ತಾರೀಖು ಬೇರೆ ಬೇರೆ. ಅದಕ್ಕೇ ಕಂಪ್ಯೂಟರ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಹಳೇ ಮಷೀನುಗಳಿಗೆ ವಿಂಡೋಸ್ 11 ಏರುವುದಿಲ್ಲ. ನನ್ನ ಡೆಸ್ಕ್‌ಟಾಪ್ ಹಳೇ ಐ3 ಪ್ರೊಸೆಸರಿನದು, 4 ಜಿಬಿ ರ‍್ಯಾಮ್. ಗುಜರಿಗೆ ಹಾಕುವ ಬದಲು ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಸಣ್ಣ ಎಸ್‌ಎಸ್‌ಡಿ ಹಾಕಿಸಿದೆ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇನ್‌ಸ್ಟಾಲ್ ಮಾಡಿದೆ. ಮಿಂಟ್‌ನಲ್ಲಿ ಅದೇ ಹಗುರ. ಮೊದಲೇ ಹಾಕಿಬಿಡಬೇಕಿಲ್ಲ. ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಪ್ರಿಂಟರ್ ನಡೆಯುತ್ತವಾ ಅಂತ ನೋಡಬಹುದು. ಆಮೇಲೆ ಮನಸ್ಸಿಗೆ ಬಂದರೆ ಇನ್‌ಸ್ಟಾಲ್. ಡಿಸ್ಕ್ ಅಳಿಸುವ ಮುಂಚೆ ಫೋಟೋ, ಫೈಲು ಎಲ್ಲ ಬೇರೆ ಕಡೆ ನಕಲು ಮಾಡಿಕೊಳ್ಳಿ ಅಂತ ಬೇರೆ ಹೇಳಬೇಕಿಲ್ಲ.

ಕನ್ನಡಕ್ಕೆ ತೊಂದರೆಯಿಲ್ಲ. ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಅದೇ ಕೆಜಿಪಿ ಕೀಲಿಮಣೆ ಲಿನಕ್ಸಿನಲ್ಲಿ ಟೈಪ್ ಮಾಡಿಸುವ ಐಬಸ್‌ನಲ್ಲೂ ಸಿಗುತ್ತದೆ. ಆದರೆ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ತೆರೆದರೆ ಅರ್ಥವಿಲ್ಲದ ಅಕ್ಷರ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು.

ಎಕ್ಸೆಲ್ ಥರದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಒಂದೇ ಹಾಳೆ ಮಾಡಿದ್ದೇನೆ. ತಾರೀಖು, ಓಡಿದ ಕಿಲೋಮೀಟರ್, ಮಾಡಿದ ಕೆಲಸ, ಖರ್ಚು, ಮತ್ತೆ ಎಷ್ಟು ಕಿಲೋಮೀಟರಿಗೆ ಮಾಡಬೇಕು. ಕೊನೆಯ ಕಾಲಂ ಓಡಿದ್ದನ್ನೂ ಅವಧಿಯನ್ನೂ ಕೂಡಿಸಿ ಮುಂದಿನ ಗಡಿ ತೋರಿಸುತ್ತದೆ. ಮೇಲ್ಗಡೆ ಒಂದು ಚೌಕದಲ್ಲಿ ಇವತ್ತಿನ ಮೀಟರ್ ಬರೆದರೆ ಗಡಿ ದಾಟಿದ ಸಾಲುಗಳು ಕೆಂಪಾಗುತ್ತವೆ. ಕಂಡೀಷನಲ್ ಫಾರ್ಮ್ಯಾಟಿಂಗ್ ಅಂತ ಮೆನುವಿನಲ್ಲೇ ಇದೆ. ನನ್ನ ಮೇಸ್ತ್ರಿ ಮೊದಲು ನಗುತ್ತಿದ್ದ. ಈಗ ಅವನೇ "ಸಾಹುಕಾರ್ರೇ, ಕ್ಲಚ್ ಪ್ಲೇಟ್ ಯಾವಾಗ ಹಾಕಿದ್ವಿ, ಸ್ವಲ್ಪ ನೋಡ್ರಿ" ಅಂತ ಫೋನ್ ಮಾಡುತ್ತಾನೆ. ಬಿಡಿಭಾಗದ ಅಂಗಡಿಯವನ ಜೊತೆ ವಾರಂಟಿ ಜಗಳಕ್ಕೂ ಇದೇ ಸಾಕ್ಷಿ.

ದಾರಿಯಲ್ಲಿ ಬಿಲ್ಲುಗಳ ಫೋಟೋ ತೆಗೆಯುತ್ತೇನೆ. ಮನೆಗೆ ಬಂದು ವೈಫೈ ಸಿಕ್ಕ ಕೂಡಲೇ ಸಿಂಕ್‌ಥಿಂಗ್ ಅನ್ನುವ ಆ್ಯಪ್ ಅವನ್ನು ಫೋನಿನಿಂದ ಕಂಪ್ಯೂಟರಿಗೆ ತಂದು ಹಾಕುತ್ತದೆ. ಮಧ್ಯೆ ಯಾರ ಸರ್ವರ್ರೂ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಒಂದು ಎಚ್ಚರ: ಇದು ಬ್ಯಾಕಪ್ ಅಲ್ಲ. ಫೋನಿನಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಸಿಹೋಗುತ್ತದೆ. ಮಿಂಟ್ ಜೊತೆ ಬರುವ ಟೈಮ್‌ಶಿಫ್ಟ್ ಕೂಡ ಸಿಸ್ಟಂ ಕಾಯುವುದಕ್ಕೇ ಹೊರತು ನಿಮ್ಮ ಫೈಲಿಗಲ್ಲ. ಹಾಗಾಗಿ ಒಂದು ಹೊರಗಿನ ಡಿಸ್ಕಿಗೆ ಬೇರೆಯಾಗಿ ನಕಲು ಮಾಡಿ ಬೀರುವಿನಲ್ಲಿಡುತ್ತೇನೆ. ಕರೆಂಟು ಹೋಗಿ ಬರುವ ಊರಲ್ಲಿ ಸಣ್ಣದೊಂದು ಯುಪಿಎಸ್ ಕೂಡ ಬೇಕು.

ಎಲ್ಲವೂ ಸಲೀಸು ಅಂತ ಹೇಳುವುದಿಲ್ಲ. ನನ್ನ ಹಳೇ ಲೇಸರ್ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಸಾಫ್ಟ್‌ವೇರ್ ಕೂಡಿಸುವುದು ದೊಡ್ಡ ತಲೆನೋವು, ಆ ಗೋಜಿಗೇ ಹೋಗಿಲ್ಲ. ಹೊಸದು ಕೊಳ್ಳುವವರು ಲಿನಕ್ಸಿನಲ್ಲಿ ನಡೆಯುತ್ತದಾ ಅಂತ ಕೇಳಿಯೇ ಕೊಳ್ಳಿ. ನನಗೆ ಪ್ರಿಂಟ್ ಬೇಕಾಗುವುದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕೊಡುವ ಬಿಲ್ಲಿಗೆ ಮಾತ್ರ. ಪಿಡಿಎಫ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗುತ್ತೇನೆ.