ಒಂದೇ ಬಣ್ಣದ ಎರಡು ಬಾಟಲಿ: ಮಯಲಿನ್ ಸೆಲ್ ಬೆಳೆಸಿದ ನನ್ನ ಅನುಭವ

ಪಿಎಚ್‌ಡಿ ಎರಡನೇ ವರ್ಷ ನಂಗೆ ಸಿಕ್ಕಿದ ಕೆಲಸ ಇಲಿಮರಿ ಮೆದುಳಿಂದ ಆಲಿಗೋಡೆಂಡ್ರೋಸೈಟ್ ಬೆಳೆಸೋದು. ನರತಂತುಗೆ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ ಸುತ್ತೋ ಸೆಲ್ ಇದು. ಎಲ್ರೂ ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಉದಾಹರಣೆ ಕೊಡ್ತಾರೆ, ನಂಗೇನೋ ಅದು ಅರ್ಧ ಮಾತ್ರ ಸರಿ ಅನ್ಸುತ್ತೆ, ಯಾಕಂದ್ರೆ ಇಲ್ಲಿ ಸೆಲ್ಲು ತನ್ನ ಪೊರೆನೇ ಚಾಚಿ ಚಪ್ಪಟೆ ಮಾಡಿ ಸುತ್ತುತ್ತೆ, ಅದೂ ಒಂದೇ ಸೆಲ್ಲು ನಲವತ್ತು ಐವತ್ತು ಕಡೆ ಸುತ್ತಬಹುದು.

ಹುಟ್ಟಿ ಒಂದೆರಡು ದಿನ ಆಗಿರೋ ಮರಿಗಳ ಮೆದುಳು ಬೇಕು. ಮೇಲಿನ ತೆಳು ಪೊರೆ ಬಿಡಿಸೋದೇ ದೊಡ್ಡ ತಲೆನೋವು, ಅವರೆಕಾಳು ಹಿದುಕಿದಷ್ಟು ಸಲೀಸಲ್ಲ, ಚೂರು ಜಾಸ್ತಿ ಎಳೆದ್ರೆ ಕೆಳಗಿಂದೂ ಜೊತೆಗೇ ಕಿತ್ಕೊಂಡು ಬರುತ್ತೆ. ಆಮೇಲೆ ಸೀರಮ್ (ರಕ್ತದಿಂದ ತೆಗೆದ ತಿಳಿ) ಹಾಕಿದ ಮೀಡಿಯಾದಲ್ಲಿ, ಅಂದ್ರೆ ಸೆಲ್‌ಗೆ ಊಟ ಕೊಡೋ ದ್ರವದಲ್ಲಿ, ಹತ್ತು ದಿನ ಫ್ಲಾಸ್ಕ್‌ನಲ್ಲಿ ಬಿಟ್ರೆ ತಳದಲ್ಲಿ ಆಸ್ಟ್ರೋಸೈಟ್‌ಗಳು, ಅಂದ್ರೆ ನರಕೋಶಕ್ಕೆ ಆಸರೆ ಕೊಡೋ ಸೆಲ್‌ಗಳು, ಚಾಪೆ ಹಾಸಿದಂಗೆ ಹರಡ್ಕೊಳ್ಳುತ್ವೆ, ಅದರ ಮೇಲೆ ಸಣ್ಣಗೆ ಹೊಳೀತಾ ಕೂತಿರೋವು ನಮ್ಮವು, ಆಲಿಗೋ ಆಗೋಕೆ ಮುಂಚಿನ ಎಳೆ ಸೆಲ್‌ಗಳು. ಮೊದಲು ಒಂದು ಗಂಟೆ ಶೇಕ್ ಮಾಡಿ ಉದುರಿದ ಮೈಕ್ರೋಗ್ಲಿಯಾ (ಮೆದುಳಿನ ಕಾವಲು ಸೆಲ್) ಚೆಲ್ಲಿ, ಹೊಸ ಮೀಡಿಯಾ ಹಾಕಿ ಇಡೀ ರಾತ್ರಿ 200 ಆರ್‌ಪಿಎಮ್‌ನಲ್ಲಿ ಕುಲುಕೋದು. 1980ರಲ್ಲಿ ಮೆಕಾರ್ಥಿ, ಡಿ ವೆಲ್ಲಿಸ್ ಅನ್ನೋ ವಿಜ್ಞಾನಿಗಳು ಹೇಳ್ಕೊಟ್ಟ ಉಪಾಯ, ಇವತ್ತಿಗೂ ನಡೀತಿದೆ. ಮುಚ್ಚಳಕ್ಕೆ ಟೇಪ್ ಸುತ್ತೋದು ಮಾತ್ರ ಮರೀಬೇಡಿ.

ಹಿಂಗೆ ತೆಗೆದ ಎಳೆ ಸೆಲ್‌ಗೆ ಪಿಡಿಜಿಎಫ್, ಎಫ್‌ಜಿಎಫ್ ಅನ್ನೋ ಬೆಳವಣಿಗೆ ಪ್ರೋಟೀನ್ ಕೊಟ್ರೆ ಸಂಖ್ಯೆ ಹೆಚ್ಚುತ್ತಾ ಇರುತ್ವೆ, ಬಲಿಯಲ್ಲ. ಅವೆರಡೂ ನಿಲ್ಲಿಸಿ ಸೀರಮ್ ಇಲ್ಲದ ಮೀಡಿಯಾಗೆ ಟಿ3, ಅಂದ್ರೆ ಥೈರಾಯ್ಡ್ ಹಾರ್ಮೋನ್, ಹಾಕಿದ್ರೆ ಬಲಿಯೋಕೆ ಶುರು.

ನನ್ನ ಮೂರನೇ ಬ್ಯಾಚು, ನಾಲ್ಕನೇ ದಿನ. ಮಯಲಿನ್ ಪ್ರೋಟೀನ್ ಎಮ್‌ಬಿಪಿಗೆ ಬಣ್ಣ ಕಟ್ಟಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಪೂರ್ತಿ ಕತ್ತಲೆ. ಆಸ್ಟ್ರೋಸೈಟ್ ಗುರುತಿಸೋ ಜಿಎಫ್‌ಎಪಿ ನೋಡಿದ್ರೆ ನಕ್ಷತ್ರ ಚೆಲ್ಲಿದಂಗೆ ಎಲ್ಲಾ ಕಡೆ. ಅಳು ಒಂದೇ ಬಾಕಿ. ಸೀನಿಯರ್ ಅಕ್ಕ ಬಂದು ಇಣುಕಿ, "ಯಾವ ಬಾಟಲಿ ಹಾಕ್ದೆ ತೋರಿಸೇ" ಅಂದ್ರು. ಫ್ರಿಜ್‌ನಲ್ಲಿ ಎರಡು ಮೀಡಿಯಾ ಬಾಟಲಿ, ಎರಡೂ ಅದೇ ಕೆಂಪು, ಮಾರ್ಕರ್‌ನಲ್ಲಿ ಬರೆದಿದ್ದ ಹೆಸರು ಎಥನಾಲ್ ಒರೆಸಿ ಒರೆಸಿ ಅಳಿಸೇ ಹೋಗಿತ್ತು. ನಾನು ಹಾಕಿದ್ದು ಸೀರಮ್ ಇದ್ದಿದ್ದು.

"ಸೆಲ್ ಸತ್ತಿಲ್ಲ ಕಣೇ, ದಾರಿ ಬದಲಾಯಿಸಿದೆ ಅಷ್ಟೇ" ಅಂತ ಹೇಳಿ 1983ರ ಪೇಪರ್ ಕಳಿಸಿದ್ರು. ಲಂಡನ್ನಿನ ರಾಫ್, ಮಿಲ್ಲರ್, ನೋಬಲ್ ಇಲಿಯ ಕಣ್ಣಿನ ನರದಿಂದ ತೆಗೆದ ಎಳೆ ಸೆಲ್‌ನಲ್ಲಿ ಇದನ್ನೇ ನೋಡಿದ್ರು, ಸೀರಮ್ ಇದ್ರೆ ಆಸ್ಟ್ರೋಸೈಟು, ಇಲ್ದಿದ್ರೆ ಆಲಿಗೋ. ಮೂರು ವಾರದ ಕೆಲಸ ಮಣ್ಣುಪಾಲು ಮಾಡ್ಕೊಂಡು ನಾನು ಹಳೇ ಪ್ರಯೋಗನೇ ಮತ್ತೆ ಮಾಡಿದ್ದೆ! ಆದ್ರೆ ದೇಹದೊಳಗೆ ಈ ಸೆಲ್‌ಗಳು ಸಾಮಾನ್ಯವಾಗಿ ಹಿಂಗೆ ಆಸ್ಟ್ರೋಸೈಟ್ ಆಗಲ್ಲ, ಅದು ಹೆಚ್ಚಾಗಿ ಡಿಶ್‌ನ ಆಟ.

ದೇಹದೊಳಗಿನ ಕಥೆ ಓದಿದ್ದೇ ಆಮೇಲೆ. ಬೆನ್ನುಹುರಿಯಲ್ಲಿ ಮೊದಲ ಆಲಿಗೋ ಮೂಲಗಳು ಹೊಟ್ಟೆ ಕಡೆ ಭಾಗದ ಒಂದು ಪುಟ್ಟ ಜಾಗದಲ್ಲಿ ಹುಟ್ಟುತ್ವೆ, ಅದೇ ಜಾಗ ಮೊದಲು ಸ್ನಾಯು ನಡೆಸೋ ನರಕೋಶ ಕೊಟ್ಟಿರುತ್ತೆ. ಸೋನಿಕ್ ಹೆಡ್ಜ್‌ಹಾಗ್ ಅನ್ನೋ ಸಿಗ್ನಲ್ ಬಂದು ಆಲಿಗ್2 ಜೀನ್ ಆನ್ ಆಗ್ಬೇಕು. ಹುಟ್ಟಿದ್ದು ಅಲ್ಲೇ ಉಳಿಯಲ್ಲ, ಗುಳೆ ಹೊರಟ ಹಾಗೆ ಎಲ್ಲಾ ಕಡೆ ಹರಡುತ್ವೆ. ಚಿಕ್ಕಿಲಿಯ (ಮೌಸ್) ಮುಂಮೆದುಳಲ್ಲಿ ಇವು ಮೂರು ಅಲೆಯಾಗಿ ಬರುತ್ವೆ, ವಿಚಿತ್ರ ಅಂದ್ರೆ ಮೊದಲು ಬಂದವು ಹುಟ್ಟಿದ ಮೇಲೆ ಬಹುಪಾಲು ಮಾಯ, ಜಾಗ ಹಿಂದೆ ಬಂದವರಿಗೆ. ಒಂದಷ್ಟು ಎಳೆ ಸೆಲ್ ಮಾತ್ರ ಬಲಿಯದೇ ದೊಡ್ಡವರ ಮೆದುಳಲ್ಲೂ ಉಳಿಯುತ್ವೆ, ಮಯಲಿನ್ ಹಾಳಾದ್ರೆ ರಿಪೇರಿಗೆ ಇವೇ ಗತಿ.

ಮುಂದಿನ ಬ್ಯಾಚ್‌ನಲ್ಲಿ ಸರಿಯಾದ ಬಾಟಲಿ, ಸರಿಯಾದ ಟಿ3. ಐದನೇ ದಿನ ಎಮ್‌ಬಿಪಿ ನೋಡಿದ್ರೆ ಸುತ್ತೋಕೆ ತಂತು ಇಲ್ಲದ ಸೆಲ್ಲು ಪೊರೆನ ನೀರ್‌ದೋಸೆ ಥರ ತೂತುತೂತಾಗಿ ಹರಡಿ ಹಾಕಿತ್ತು. ಅಕ್ಕಂಗೆ ತೋರಿಸಿದ್ರೆ "ಹೂಂ, ಈಗ ನೋಡು" ಅಂದ್ರು ಅಷ್ಟೇ. ಸೀರಮ್ ಬಾಟಲಿ ಕತ್ತಿಗೆ ಈಗ ಎರಡು ರಬ್ಬರ್ ಬ್ಯಾಂಡ್ ಹಾಕಿಟ್ಟಿದೀನಿ.