ಪ್ರಾಯ ದಾಟಿದ ಈಜುಗಾರರ ದಿನಚರಿ ಮತ್ತು ಭುಜದ ವ್ಯಾಯಾಮ

ಕುಂಬಳೆ, ಮಂಜೇಶ್ವರ, ಬದಿಯಡ್ಕ ಭಾಗಗಳಲ್ಲಿ ನಲವತ್ತರ ಬಳಿಕ ಮತ್ತೆ ಈಜತೊಡಗಿದ ಸದಸ್ಯರ ಗಮನಕ್ಕೆ. ದಿನಚರಿಯಲ್ಲಿ ಈಜಿದ ದೂರವನ್ನಷ್ಟೇ ಬರೆದರೆ ಸಾಲದು. 25 ಮೀಟರಿಗೆ ಎಷ್ಟು ಸಲ ಕೈ ಬೀಸಿದಿರಿ, 100 ಮೀಟರಿಗೆ ಎಷ್ಟು ಸಮಯ ಹಿಡಿಯಿತು, ಮರುದಿನ ಬೆಳಿಗ್ಗೆ ಭುಜ ಹೇಗಿತ್ತು ಎಂಬುದನ್ನೂ ಬರೆದಿಡಿ. ವೇಗ ಹೆಚ್ಚದೆ ಕೈಬೀಸಿನ ಲೆಕ್ಕ ಮಾತ್ರ ಏರುತ್ತಿದ್ದರೆ, ದಣಿವಿನಿಂದ ನೀರಿನ ಹಿಡಿತ ತಪ್ಪುತ್ತಿರಬಹುದು. ಆ ದಿನ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ತೋಟದಲ್ಲಿ ಸೊಪ್ಪಿನ ಹೊರೆ, ಅಡಿಕೆ ಗೋಣಿ ಹೊರುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹೊರೆಯಿಂದ ಬೆನ್ನು, ಕಾಲುಗಳು ಬಲಗೊಳ್ಳುವುದು ನಿಜ. ಆದರೆ ಬೋರಲಾಗಿ, ಕೈಗಳನ್ನು ಒಂದಾದ ಮೇಲೊಂದು ಬೀಸುವ ಫ್ರೀಸ್ಟೈಲ್ ಈಜಿನಲ್ಲಿ ತೋಳನ್ನು ಒಳಕ್ಕೆ ತಿರುಗಿಸಿ ಎಳೆಯುವ ಎದೆ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳೇ ಬೆಳೆಯುತ್ತ ಹೋಗಿ, ಹೊರಕ್ಕೆ ತಿರುಗಿಸುವ ಭುಜದ ಹಿಂಬದಿಯ ಸಣ್ಣ ಸ್ನಾಯುಗಳು ಹಿಂದುಳಿಯುತ್ತವೆ. ಭುಜನೋವಿಗೆ ಇದೂ ಒಂದು ಕಾರಣ.

ಈ ಸಣ್ಣ ಸ್ನಾಯುಗಳನ್ನು ಬಲಪಡಿಸಲು, ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಸೊಂಟದ ಎತ್ತರದಲ್ಲಿ ಕಟ್ಟಿ, ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಹೊರಕ್ಕೆ ತಿರುಗಿಸಿ; ಮರಳಿ ತರುವಾಗ ಇನ್ನೂ ನಿಧಾನವಾಗಲಿ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಬೈರಾಸು ಇಟ್ಟುಕೊಳ್ಳಿ. ಅದು ಕೆಳಗೆ ಬಿದ್ದರೆ ಭಂಗಿ ತಪ್ಪಿದೆ ಎಂದರ್ಥ. ವಾರಕ್ಕೆ ಎರಡು ದಿನ, ಈಜಿನ ಮೊದಲಲ್ಲ, ನಂತರ ಮಾಡಿ.

ನೀರು ದೇಹದ ಭಾರವನ್ನು ಹೊರುವುದರಿಂದ ಈಜು ಮೂಳೆಗಳಿಗೆ ಸಾಕಷ್ಟು ಒತ್ತಡ ಕೊಡುವುದಿಲ್ಲ. ಆದುದರಿಂದ ಬಸ್ಕಿಯನ್ನೂ ಸೇರಿಸಿ. ಹೊಳೆ, ಕೆರೆಗಳು ತುಂಬಿ ಈಜಲಾಗದ ಮಳೆಗಾಲ ಈ ವ್ಯಾಯಾಮಗಳಿಗೆ ತಕ್ಕ ಸಮಯ. ರಾತ್ರಿ ಮಗ್ಗುಲಾದಾಗಲೂ ಭುಜ ನೋಯುವುದಾದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿರಿ.